ಬಿಳಿಬಾಲದ ಜಿಂಕೆಯೂ ಹನ್ನೆರಡರ ಹುಡುಗನೂ

ನವೆಂಬರ್ ತಿಂಗಳ ಒಂದು ಶನಿವಾರ. ಹೊತ್ತಿನ್ನೂ ಮೂಡಿಲ್ಲ, ಗಡಿಯಾರದಲ್ಲಿ ನಾಲ್ಕೂವರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಿನಲ್ಲಿ ಮನೆಮನೆಯ ಅಡುಗೆಕೋಣೆಗಳಲ್ಲಿ ಆಗಲೇ ದೀಪ ಉರಿಯುತ್ತಿದೆ. ಅಂಗಳದಲ್ಲಿ ಹಿಮ ಬಿದ್ದಿದೆ. ಗಂಡಸರು, ಹೆಂಗಸರು, ಮಕ್ಕಳು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ-ಟೋಪಿ ತೊಟ್ಟು, ಫ್ಲಾಸ್ಕಿಗೆ ಬಿಸಿ ಕಾಫಿ ತುಂಬಿಕೊಂಡು, ಟಾರ್ಚ್ ಬೆಳಕಿನಲ್ಲಿ ಕಾಡಿನ ದಾರಿ ಹಿಡಿಯುತ್ತಾರೆ. ಆ ದಿನದಿಂದ ಒಂಬತ್ತು ದಿನ ಅಲ್ಲಿ ಕೋವಿಯಿಂದ ಜಿಂಕೆ ಬೇಟೆಗೆ ಅನುಮತಿ. ಐದು ಲಕ್ಷಕ್ಕೂ ಮಿಕ್ಕಿ ಜನ ಪರವಾನಗಿ ಪಡೆದು ಕಾಡಿಗಿಳಿಯುತ್ತಾರೆ. ಪಟ್ಟಣ ಸೇರಿದ ಮಕ್ಕಳು ಜಾತ್ರೆಗೆ ಬಂದಂತೆ ಊರಿಗೆ ಬರುತ್ತಾರೆ.

ಹಾಗೆ ಹೊರಟವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ, ಅವನ ಅಜ್ಜ. ಹುಡುಗನಿಗೆ ಇದು ಮೊದಲ ಬೇಟೆ. ಅವನ ತಾಯಿಗೆ ಈ ವ್ಯವಹಾರ ಅಷ್ಟಾಗಿ ಸೇರದು. ಬಾಗಿಲವರೆಗೆ ಬಂದು ಮಗನ ಟೋಪಿ ಸರಿಪಡಿಸಿ ಆಕೆ ಹೇಳಿದ್ದು ಒಂದೇ ಮಾತು: “ಹೊಡೆಯೋಕೆ ಮನಸ್ಸು ಬಾರದಿದ್ದರೆ ಹೊಡೀಬೇಡ. ಯಾರೂ ನಗೋದಿಲ್ಲ.” ಅಜ್ಜ ಅದಕ್ಕೆ ತಲೆಯಾಡಿಸಿದ್ದನ್ನು ಹುಡುಗ ನೋಡಿದ.

ಕನ್ನಡದ ಓದುಗರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆ, ಕಡವೆಗಳ ಬೇಟೆ ಜೈಲಿಗೆ ಕಳಿಸುವ ಅಪರಾಧ. ಮೈಸೂರು ಅರಸರು ಒಮ್ಮೆ ಷಿಕಾರಿಗೆ ಹೋಗುತ್ತಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕೊಡಗಿನ ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದು ಉಳಿದಿದೆ, ಹಬ್ಬದ ಮರುದಿನದ ಬೇಟೆ ಉಳಿದಿಲ್ಲ. ಹೀಗಿರುವಾಗ ದೂರದ ದೇಶದ ಬೇಟೆಯ ಪಾಠ ನಮಗೇಕೆ ಎನ್ನಬಹುದು. ಆದರೆ ಆ ಪಾಠದಲ್ಲಿ ಕೋವಿ ಹಾರಿಸುವುದು ಕೊನೆಯ ಅರ್ಧ ಪುಟ ಮಾತ್ರ. ಉಳಿದುದೆಲ್ಲ ಜಿಂಕೆಯನ್ನು ತಿಳಿಯುವ ಮತ್ತು ತನ್ನ ಕೈಯನ್ನು ತಡೆದುಕೊಳ್ಳುವ ವಿದ್ಯೆ. ಹನ್ನೆರಡರ ಮಗುವಿನ ಕೈಗೆ ಇಷ್ಟು ಅಪಾಯದ ವಸ್ತುವನ್ನು ಕೊಡುವ ಸಮಾಜ ಅದಕ್ಕೆ ಮೊದಲು ಏನೇನು ಕಲಿಸುತ್ತದೆ ಎಂಬುದು, ಮಕ್ಕಳ ಕೈಗೆ ಬೈಕಿನ ಕೀಲಿ ಕೊಡುವ ನಮ್ಮ ತಂದೆತಾಯಿಯರಿಗೂ ಬೇಡವಾದ ವಿಷಯವೇನಲ್ಲ.

ಹುಡುಗನ ಪಾಠ ಶುರುವಾದದ್ದು ಬೇಸಿಗೆ ರಜೆಯಲ್ಲಿ, ಒಂದು ತರಗತಿಯಲ್ಲಿ. ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ಶಿಕ್ಷಣ ಮುಗಿಸಿ ಪ್ರಮಾಣಪತ್ರ ಪಡೆಯದೆ ಸ್ವತಂತ್ರವಾಗಿ ಬೇಟೆಯ ಪರವಾನಗಿ ಪಡೆಯುವಂತಿಲ್ಲ. ಈ ತರಗತಿಗಳು ಅಲ್ಲಿ ಆರಂಭವಾದದ್ದು 1967ರಲ್ಲಿ. ಅದಕ್ಕೆ ಮುಂಚೆ ಪ್ರತಿವರ್ಷ ಜಿಂಕೆಯೆಂದು ಮನುಷ್ಯನಿಗೇ ಗುಂಡು ಹಾರಿಸಿದ ಪ್ರಕರಣಗಳು ಸಾಕಷ್ಟು ನಡೆಯುತ್ತಿದ್ದವು. ಶಿಕ್ಷಣವೂ 1980ರಿಂದ ಕಡ್ಡಾಯವಾದ ಕಿತ್ತಳೆ ಉಡುಪೂ ಸೇರಿ ಅಂಥ ಸಾವುಗಳನ್ನು ಎಷ್ಟು ಇಳಿಸಿದವೆಂದರೆ, ಇತ್ತೀಚಿನ ದಶಕಗಳಲ್ಲಿ ಗುಂಡೇಟಿನಿಂದ ಒಂದೂ ಸಾವಿಲ್ಲದೆ ಮುಗಿದ ಬೇಟೆಯ ಋತುಗಳೇ ಹಲವಾರಿವೆ.

ಅಜ್ಜ 1973ಕ್ಕೆ ಬಹಳ ಮೊದಲೇ ಹುಟ್ಟಿದವನು. ಅವನಿಗೆ ಈ ನಿಯಮ ಲಾಗೂ ಆಗದು. ಮೊಮ್ಮಗನನ್ನು ಬಿಡಲು ಹೋದವನು ಸುಮ್ಮನೆ ಹಿಂದಿನ ಸಾಲಿನಲ್ಲಿ ಕುಳಿತ. ಐವತ್ತು ವರ್ಷ ಬೇಟೆಯಾಡಿದ ಮುದುಕನಿಗೆ ಅಲ್ಲಿ ಏನು ಕಲಿಯುವುದಿದೆ? ಇತ್ತು. ಮರದ ಮೇಲಿನ ಅಟ್ಟಣೆಗೆ ಅವನು ಇಷ್ಟು ವರ್ಷವೂ ತೋಟೆ ತುಂಬಿದ ಕೋವಿಯನ್ನು ಹೆಗಲಿಗೆ ಹಾಕಿಕೊಂಡೇ ಏಣಿ ಹತ್ತುತ್ತಿದ್ದ. ಸೊಂಟಕ್ಕಾಗಲಿ ಎದೆಗಾಗಲಿ ಒಂದು ಹಗ್ಗವನ್ನೂ ಕಟ್ಟಿಕೊಂಡವನಲ್ಲ. ಅಟ್ಟಣೆಯಿಂದ ಬೀಳುವುದು ಬೇಟೆಗಾರರಿಗೆ ಒದಗುವ ದೊಡ್ಡ ಅಪಾಯಗಳಲ್ಲಿ ಒಂದು ಎಂದು ಗುರು ಹೇಳಿದಾಗ ಹುಡುಗ ಹಿಂತಿರುಗಿ ಅಜ್ಜನ ಮುಖ ನೋಡಿದ. ಅಜ್ಜ ಕಿಟಕಿಯಾಚೆ ನೋಡುತ್ತಿದ್ದ. ಮರುವಾರವೇ ಮನೆಗೆ ಎರಡು ಸುರಕ್ಷಾಪಟ್ಟಿಗಳು ಬಂದವು. ಹೆಗಲು, ಎದೆ, ತೊಡೆಗಳನ್ನು ಸುತ್ತಿ ಮರಕ್ಕೆ ಬಿಗಿಯುವಂಥವು. ಕೋವಿಯನ್ನು ತೋಟೆ ತೆಗೆದು ಕೆಳಗಿಟ್ಟು, ತಾನು ಮೇಲೇರಿ ಕುಳಿತ ಮೇಲೆ ಹಗ್ಗದಿಂದ ಎಳೆದುಕೊಳ್ಳುವುದನ್ನು ಅಜ್ಜ-ಮೊಮ್ಮಗ ಇಬ್ಬರೂ ಹಿತ್ತಿಲ ಮರದಲ್ಲಿ ಅಭ್ಯಾಸ ಮಾಡಿದರು.

ತರಗತಿಯಲ್ಲಿ ಬಾಯಿಪಾಠ ಮಾಡಿಸುವ ನಿಯಮಗಳು ನಾಲ್ಕು. ಯಾವ ಕೋವಿಯೇ ಆಗಲಿ, ತೋಟೆ ತುಂಬಿದೆಯೆಂದೇ ತಿಳಿದು ಮುಟ್ಟು. ನಳಿಗೆಯ ಬಾಯಿ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗಿರಲಿ. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದು ಖಾತ್ರಿಯಾಗಲಿ. ಹಾರಿಸಲು ಸಿದ್ಧವಾಗುವ ತನಕ ಬೆರಳು ಟ್ರಿಗರಿನ ಕಾವಲು ಕಂಬಿಯ ಹೊರಗಿರಲಿ. ಹುಡುಗ ಇವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು ಎಂದು ಅಜ್ಜ ಹೇಳಿದ್ದು ಅವನಿಗೆ ಆಗ ಅರ್ಥವಾಗಿರಲಿಲ್ಲ.

ಆಗಸ್ಟಿನಿಂದ ಕಾಗದದ ಗುರಿಗೆ ಹೊಡೆಯುವ ಅಭ್ಯಾಸ ನಡೆಯಿತು. ಹೆಗಲಿಗೆ ಒದೆಯದಂಥ ಹಗುರ ಕೋವಿಯನ್ನೇ ಅಜ್ಜ ಆರಿಸಿದ್ದ. ದೊಡ್ಡ ಕೋವಿಯ ಒದೆತ ತಿಂದ ಮಕ್ಕಳು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚಲು ಕಲಿಯುತ್ತಾರೆ. ಆ ಅಭ್ಯಾಸ ಮತ್ತೆ ಸುಲಭಕ್ಕೆ ಬಿಡದು. ನಿಂತು, ಕುಳಿತು, ಮಂಡಿಯೂರಿ ಹೊಡೆದು ನೋಡಿದ ಮೇಲೆ ಕೋವಿಗೆ ಆಸರೆಯಿದ್ದು ಕುಳಿತಾಗ ಮಾತ್ರ ಹುಡುಗನ ಗುರಿ ನಂಬುವಂಥದೆಂದು ತೀರ್ಮಾನವಾಯಿತು. ದೂರವೂ ನಿಶ್ಚಯವಾಯಿತು. ನೂರು ಗಜದಾಚೆ ಎಂಥ ಜಿಂಕೆ ನಿಂತರೂ ಅದು ಅವನದಲ್ಲ.

ಜಿಂಕೆಯ ವಿಚಾರಕ್ಕೆ ಬರೋಣ. ಬಿಳಿಬಾಲದ ಜಿಂಕೆ ನಮ್ಮ ಚುಕ್ಕೆಜಿಂಕೆಗಿಂತ ಕೊಂಚ ದೊಡ್ಡ ಪ್ರಾಣಿ. ಕೆನಡಾದ ದಕ್ಷಿಣದಿಂದ ದಕ್ಷಿಣ ಅಮೆರಿಕದ ಪೆರುವಿನವರೆಗೂ ಅದರ ವಾಸ. ಮರಿಗಳ ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಚಳಿಗಾಲದ ಹೊತ್ತಿಗೆ ಅವು ಅಳಿಸಿಹೋಗುತ್ತವೆ. ಗಾಬರಿಯಾದರೆ ಬಾಲವನ್ನು ನೆಟ್ಟಗೆ ನಿಮಿರಿಸಿ ಓಡುತ್ತದೆ. ಬಾಲದ ಅಡಿಭಾಗ ಬೆಳ್ಳಗಿರುವುದರಿಂದ ಕಾಡಿನೊಳಗೆ ಯಾರೋ ಬಿಳಿ ಬಾವುಟ ಬೀಸಿದಂತೆ ಕಾಣುತ್ತದೆ. ಬೇಟೆಗಾರನ ಮಟ್ಟಿಗೆ ಆ ಬಾವುಟ ಕಂಡಿತೆಂದರೆ ಆ ದಿನದ ಆಟ ಮುಗಿದ ಹಾಗೆಯೇ. ಗಂಡಿಗೆ ಮಾತ್ರ ಕೊಂಬು. ಅದು ಪ್ರತಿವರ್ಷ ಚಳಿಗಾಲದಲ್ಲಿ ಕಳಚಿಬಿದ್ದು, ವಸಂತದಿಂದ ಹೊಸದಾಗಿ ಬೆಳೆಯುತ್ತದೆ.

ಅದರ ಕಣ್ಣಿಗೆ ಕೆಂಪು ಮತ್ತು ಕಿತ್ತಳೆ ಬಣ್ಣಗಳು ನಮಗೆ ಕಾಣುವಂತೆ ಕಾಣುವುದಿಲ್ಲ. ಆದ್ದರಿಂದಲೇ ಮನುಷ್ಯರಿಗೆ ಮೈಲಿ ದೂರಕ್ಕೆ ಹೊಳೆಯುವ ಕಿತ್ತಳೆ ಅಂಗಿ ಜಿಂಕೆಯ ಕಣ್ಣಿಗೆ ಮಂಕು. ನೀಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ನೀಲಿ ಜೀನ್ಸ್ ತೊಟ್ಟು ಹೋದ ಹೊಸಬರು ಇದನ್ನು ತಡವಾಗಿ ಕಲಿಯುತ್ತಾರೆ. ಬಣ್ಣ ಹೇಗೇ ಇರಲಿ, ಕೈ ಅಲ್ಲಾಡಿದರೆ, ತಲೆ ಥಟ್ಟನೆ ತಿರುಗಿದರೆ ಅದಕ್ಕೆ ತಕ್ಷಣ ತಿಳಿಯುತ್ತದೆ. ಇದೆಲ್ಲಕ್ಕಿಂತ ಮಿಗಿಲಾದದ್ದು ಮೂಗು. ಕಂಡದ್ದನ್ನು ಜಿಂಕೆ ಇನ್ನೊಮ್ಮೆ ನಿಂತು ನೋಡೀತು, ಕೇಳಿದ್ದಕ್ಕೆ ಕಿವಿ ತಿರುಗಿಸೀತು. ಮನುಷ್ಯನ ವಾಸನೆ ಸಿಕ್ಕಿತೋ, ವಿಚಾರಣೆಯೇ ಇಲ್ಲ, ಪರಾರಿ.

ಹಾಗಾಗಿ ಕಾಡಿಗೆ ಹೋದವನು ಮೊದಲು ನೋಡಬೇಕಾದದ್ದು ಗಾಳಿಯನ್ನು. ಅಜ್ಜನ ಜೇಬಿನಲ್ಲಿ ಸದಾ ಒಂದು ಒಣಗಿದ ಕಾಯಿ ಇರುತ್ತದೆ. ಅಲ್ಲಿ ಹೊಲದಂಚಿನಲ್ಲಿ ಬೆಳೆಯುವ ಮಿಲ್ಕ್‌ವೀಡ್ ಗಿಡದ ಕಾಯಿ ಅದು. ನಮ್ಮ ಎಕ್ಕದ ಗಿಡದ ಹತ್ತಿರದ ನೆಂಟ. ಎಕ್ಕದ ಕಾಯಿ ಒಡೆದಾಗ ರೇಷ್ಮೆಯಂಥ ಬಿಳಿ ಎಳೆ ಬೀಜವನ್ನು ಹೊತ್ತು ತೇಲುವುದನ್ನು ನಮ್ಮ ಮಕ್ಕಳು ನೋಡಿದ್ದಾರೆ, ಅದೂ ಹಾಗೆಯೇ. ಅಜ್ಜ ಒಂದು ಎಳೆ ಕಿತ್ತು ಗಾಳಿಗೆ ಬಿಡುತ್ತಾನೆ. ಅದು ತೇಲಿಹೋದ ದಾರಿಯೇ ತಮ್ಮ ಮೈವಾಸನೆ ಹೋಗುವ ದಾರಿ. ಕೆನ್ನೆಗೆ ತಾಗುವ ಗಾಳಿಯ ದಿಕ್ಕು ಒಂದಾದರೆ, ಮೂವತ್ತು ಗಜದಾಚೆ ಹಳ್ಳದಲ್ಲಿ ಅದೇ ಗಾಳಿ ಬೇರೆ ಕಡೆಗೆ ಸುತ್ತಿಕೊಳ್ಳುವುದನ್ನು ಹುಡುಗ ಈ ಎಳೆಯಿಂದಲೇ ಕಂಡುಕೊಂಡ. ಗುಡ್ಡಗಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಳಗಿನ ಚಳಿಯಲ್ಲಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದಂತೆ ಮೇಲಕ್ಕೆ ಏಳುತ್ತದೆ. ಮುಂಜಾನೆ ಸರಿಯಾಗಿದ್ದ ಜಾಗ ಹತ್ತು ಗಂಟೆಗೆ ಕೆಟ್ಟ ಜಾಗವಾದೀತು. ಅದಕ್ಕೇ ಅಜ್ಜ ಎರಡು ಬೇರೆ ಬೇರೆ ಕಡೆ ಅಟ್ಟಣೆ ಕಟ್ಟಿಸಿದ್ದ. ಯಾವುದಕ್ಕೆ ಹೋಗುವುದೆಂದು ಆ ದಿನದ ಗಾಳಿ ಹೇಳಬೇಕು.

ಅಟ್ಟಣೆಗೆ ಜಾಗ ಆರಿಸಿದ್ದೂ ಒಂದು ಪಾಠವೇ. ಅಕ್ಟೋಬರಿನ ಭಾನುವಾರಗಳಲ್ಲಿ ಇಬ್ಬರೂ ಬರಿಗೈಯಲ್ಲಿ ಕಾಡು ಸುತ್ತಿದ್ದರು. ಹೃದಯದಾಕಾರದ ಗೊರಸಿನ ಗುರುತು. ಹೊಳೆಯುವ ಹಸಿ ಹಿಕ್ಕೆ. ಗಂಡುಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಎಳೆಮರ. ಬಾಗಿದ ಕೊಂಬೆಯ ಕೆಳಗೆ ಕಾಲಿನಿಂದ ಕೆರೆದು ಮೂತ್ರ ಹೊಯ್ದ ನೆಲ. ಓಕ್ ಮರಗಳಲ್ಲಿ ಬಿಳಿ ಓಕಿನ ಕಾಯಿ ಒಗರು ಕಡಿಮೆಯಾದ್ದರಿಂದ ಜಿಂಕೆಗೆ ಹೆಚ್ಚು ಇಷ್ಟ. ಅವು ಮಲಗುವ ದಟ್ಟ ಪೊದೆಗೂ ಈ ಓಕ್ ತೋಪಿಗೂ ನಡುವೆ ಸವೆದ ಒಂದು ಕಾಲುದಾರಿ ಸಿಕ್ಕಿದಾಗ ಹುಡುಗ ಹಿಗ್ಗಿಹೋದ. ನಾಗರಹೊಳೆಯಲ್ಲಿ ಕ್ಯಾಮರಾ ಹಿಡಿದು ಕಾಯುವವರೂ ಇದೇ ವಿದ್ಯೆಯನ್ನು ಕಲಿತಿರುತ್ತಾರೆ.

ಶನಿವಾರದ ಬೆಳಗಿಗೆ ಮರಳೋಣ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಲು ಕಾನೂನಿನ ಅನುಮತಿ; ಅದಕ್ಕೂ ಒಂದು ಗಂಟೆ ಮೊದಲೇ ಇಬ್ಬರೂ ಪಟ್ಟಿ ಬಿಗಿದುಕೊಂಡು ಮೇಲೆ ಕುಳಿತಿದ್ದರು. ಕಾಯುವುದು ಎಂದರೇನೆಂದು ಹುಡುಗನಿಗೆ ಆಗ ತಿಳಿಯಿತು. ಮೊದಲು ಕಾಲಿನ ಬೆರಳು ಮರಗಟ್ಟಿತು. ಮೂಗು ಸೋರಿತು, ಒರೆಸಿಕೊಳ್ಳಲೂ ಹೆದರಿಕೆ. ಒಂದು ಅಳಿಲು ತರಗೆಲೆಯಲ್ಲಿ ಓಡಿದಾಗ ಆನೆಯೇ ಬಂದಂತೆ ಕೇಳಿಸಿತು. ದೂರದಲ್ಲಿ ಬೇರೆಯವರ ಕೋವಿಗಳ ಸದ್ದು ಆಗೊಮ್ಮೆ ಈಗೊಮ್ಮೆ. ಒಂಬತ್ತು ಗಂಟೆಯಾಯಿತು. ಅಜ್ಜ ಒಂದು ಮಾತೂ ಆಡಲಿಲ್ಲ.

ಒಂಬತ್ತೂವರೆಯ ಸುಮಾರಿಗೆ ಎದುರಿನ ದಿಣ್ಣೆಯ ನೆತ್ತಿಯ ಮೇಲೆ, ಆಕಾಶಕ್ಕೆ ಬರೆದಿಟ್ಟ ಚಿತ್ರದಂತೆ ಒಂದು ಗಂಡುಜಿಂಕೆ ಬಂದು ನಿಂತಿತು. ಎಂಟು ಕವಲಿನ ಕೊಂಬು. ದೂರ ಎಂಬತ್ತು ಗಜವೂ ಇಲ್ಲ. ಮೈಯನ್ನು ಪೂರ್ತಿ ಅಡ್ಡಕ್ಕೆ ಕೊಟ್ಟು ನಿಂತಿದೆ. ಹುಡುಗನ ಎದೆ ಹೊಡೆದುಕೊಳ್ಳುವ ಸದ್ದು ಅವನ ಕಿವಿಗೇ ಕೇಳಿಸುತ್ತಿತ್ತು. ಅಲ್ಲಿಯವರು ಇದನ್ನು ‘ಬಕ್ ಫೀವರ್’ ಎನ್ನುತ್ತಾರೆ. ಮೊದಲ ಸಲ ಕೊಂಬಿನ ಜಿಂಕೆ ಕಂಡವನಿಗೆ ಬರುವ ನಡುಕ. ಕೋವಿ ಮೇಲಕ್ಕೆದ್ದಿತು. ದುರ್ಬೀನಿನ ಗೆರೆಗಳು ಜಿಂಕೆಯ ಮುಂಗಾಲಿನ ಹಿಂದೆ ಕೂತವು. ಬೆರಳು ಇನ್ನೂ ಕಂಬಿಯ ಹೊರಗೇ ಇತ್ತು.

ಜಿಂಕೆಯ ಹಿಂದೆ ಏನಿದೆ? ಬರೀ ಆಕಾಶ. ಗುರಿ ತಪ್ಪಿದರೆ, ಅಥವಾ ಗುಂಡು ಮೈಯನ್ನು ತೂರಿಹೋದರೆ, ಅದನ್ನು ತಡೆಯುವ ಮಣ್ಣು ಅಲ್ಲಿಲ್ಲ. ಅಂಥ ಕೋವಿಯ ಗುಂಡು ಎರಡು ಮೈಲಿಗೂ ಆಚೆ ಹೋಗಬಲ್ಲದು. ದಿಣ್ಣೆಯಾಚೆ ಒಂದು ಡಾಂಬರು ರಸ್ತೆಯಿತ್ತು, ಅದರಾಚೆ ಒಂದು ಹಾಲಿನ ಡೇರಿ. ಅಲ್ಲೆಲ್ಲೋ ಇನ್ನೊಬ್ಬ ಬೇಟೆಗಾರ, ಇನ್ನೊಬ್ಬ ಹುಡುಗ ಕುಳಿತಿರಲೂಬಹುದು.

ಹುಡುಗ ಅಜ್ಜನತ್ತ ಕಣ್ಣು ಹೊರಳಿಸಿದ. ಅಜ್ಜ ತಲೆಯಾಡಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅರ್ಧ ನಿಮಿಷ ಹಾಗೇ ಕಳೆಯಿತು. ಜಿಂಕೆ ಒಂದು ಕಾಲು ನೆಲಕ್ಕೆ ಅಪ್ಪಳಿಸಿ, ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟು, ಬಿಳಿ ಬಾವುಟ ಎತ್ತಿ ದಿಣ್ಣೆಯಾಚೆ ಇಳಿದುಹೋಯಿತು. ಹುಡುಗನಿಗೆ ಅಳು ಬಂತು. ಅಜ್ಜ ಫ್ಲಾಸ್ಕ್ ತೆರೆದು ಕಾಫಿ ಬಗ್ಗಿಸಿದ. “ನಾನು ಹದಿನಾರರಲ್ಲಿದ್ದಾಗ ಇಂಥದೇ ಒಂದಕ್ಕೆ ಹೊಡೆದೆ ಮಗೂ,” ಎಂದ. “ಗುಂಡು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.” ಆ ರಾತ್ರಿ ಊಟಕ್ಕೆ ಕುಳಿತಾಗ ನೆಂಟರೆಲ್ಲ ತಾವು ಹೊಡೆದ ಜಿಂಕೆಯ ಕಥೆ ಹೇಳಿದರೆ, ಅಜ್ಜ ಹೇಳಿದ್ದು ಮೊಮ್ಮಗ ಹೊಡೆಯದ ಜಿಂಕೆಯ ಕಥೆ. ತಾಯಿ ಮಗನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಮರುದಿನ ಭಾನುವಾರ ಓಕ್ ತೋಪಿಗೆ ಬಂದದ್ದು ಕೊಂಬಿಲ್ಲದ ಹೆಣ್ಣುಜಿಂಕೆ. ಹುಡುಗನ ಬಳಿ ಕೊಂಬಿಲ್ಲದ ಜಿಂಕೆಗೆ ಕೊಟ್ಟ ಅನುಮತಿಚೀಟಿ ಇತ್ತು. ಇದಕ್ಕೊಂದು ಇತಿಹಾಸವಿದೆ. 1900ರ ಹೊತ್ತಿಗೆ ಮಾಂಸ ಮತ್ತು ಚರ್ಮದ ಮಾರಾಟಕ್ಕಾಗಿ ಮನಬಂದಂತೆ ಕೊಂದು ಇಡೀ ಅಮೆರಿಕದಲ್ಲಿ ಈ ಜಿಂಕೆಗಳು ಐದು ಲಕ್ಷದಷ್ಟೂ ಉಳಿದಿರಲಿಲ್ಲವೆಂದು ಅಂದಾಜು. ಆ ವರ್ಷದ ಲೇಸಿ ಕಾಯಿದೆ ಕಳ್ಳಬೇಟೆಯ ಪ್ರಾಣಿಗಳ ಅಂತರರಾಜ್ಯ ವ್ಯಾಪಾರವನ್ನು ನಿಷೇಧಿಸಿತು. 1937ರ ಇನ್ನೊಂದು ಕಾಯಿದೆ ಕೋವಿ-ತೋಟೆಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. ಹೆಣ್ಣು ಹೊಡೆಯಬಾರದೆಂಬುದು ಜನರಿಗೆ ಧರ್ಮವೇ ಆಯಿತು. ಅತ್ತ ತೋಳಗಳನ್ನು ಕೊಂದು ಮುಗಿಸಿದ್ದರಿಂದ ಜಿಂಕೆಗಳು ಹೆಚ್ಚಿ, ಕಾಡಿನ ಸಸಿಗಳನ್ನೆಲ್ಲ ತಿಂದು, ಚಳಿಗಾಲದಲ್ಲಿ ಹಸಿವಿನಿಂದ ಸಾಯತೊಡಗಿದವು. ಹೆಣ್ಣುಜಿಂಕೆಗಳನ್ನೂ ಹೊಡೆಯಬೇಕೆಂದು ವಾದಿಸಿದವರಲ್ಲಿ ಮುಖ್ಯನಾದವನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲ್ಡೊ ಲಿಯೊಪೋಲ್ಡ್. ತಾನೇ ಬೇಟೆಗಾರ, ಯೌವನದಲ್ಲಿ ತೋಳ ಕೊಂದು, ಆಮೇಲೆ ಅದಕ್ಕಾಗಿ ನೊಂದು ಬರೆದವನು. 1943ರಲ್ಲಿ ಆ ರಾಜ್ಯ ಕೊಂಬಿಲ್ಲದ ಜಿಂಕೆಗಳ ಬೇಟೆಗೆ ಅವಕಾಶ ಕೊಟ್ಟಾಗ ಜನ ರೊಚ್ಚಿಗೆದ್ದು ಅವನನ್ನು ಬೈದರು. 1948ರಲ್ಲಿ ನೆರೆಯವರ ಜಮೀನಿನ ಬೆಂಕಿ ಆರಿಸಲು ಹೋಗಿ ಅವನು ತೀರಿಕೊಂಡ. ಅವನ ಪುಸ್ತಕ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ ಪ್ರಕಟವಾದದ್ದು ಮರುವರ್ಷ. ಈಗ ವಿಸ್ಕಾನ್ಸಿನ್ ಒಂದರಲ್ಲೇ 15 ಲಕ್ಷಕ್ಕೂ ಹೆಚ್ಚು ಜಿಂಕೆಗಳಿವೆ. ನಮ್ಮ ಕಾಡಿನಲ್ಲಿ ಈ ಲೆಕ್ಕವನ್ನು ಹುಲಿ, ಚಿರತೆ, ಕೆನ್ನಾಯಿಗಳು ನೋಡಿಕೊಳ್ಳುತ್ತವೆ.

ಹೆಣ್ಣುಜಿಂಕೆ ಅಟ್ಟಣೆಯ ಕೆಳಗೆ ನಲವತ್ತು ಗಜದಲ್ಲಿ ಓಕ್ ಕಾಯಿ ಹೆಕ್ಕುತ್ತಿತ್ತು. ಹಿಂದೆ ಮಣ್ಣಿನ ಇಳಿಜಾರು. ಜೊತೆಯಲ್ಲಿ ಬೇರೆ ಜಿಂಕೆ ಇಲ್ಲವೆಂದು ಅಜ್ಜ ಎರಡು ಸಲ ಖಾತ್ರಿ ಮಾಡಿಕೊಂಡ. ಎದುರುಮುಖವಾಗಿದ್ದಾಗ ಹುಡುಗ ಕಾದ. ಅದು ಪಕ್ಕಕ್ಕೆ ತಿರುಗಿದಾಗ ಮುಂಗಾಲಿನ ಹಿಂದೆ, ಹೃದಯ-ಶ್ವಾಸಕೋಶಗಳಿರುವ ಜಾಗಕ್ಕೆ ಗುರಿಯಿಟ್ಟ. ಅಲ್ಲಿ ತಗಲಿದರೆ ಪ್ರಾಣಿ ಬಹಳ ನರಳುವುದಿಲ್ಲ. ಬೇರೆಡೆ ತಗಲಿದರೆ ಗಂಟೆಗಟ್ಟಲೆ ನರಳೀತು. ತಲೆಗೆ ಹೊಡೆದು ಶೂರನೆನಿಸಿಕೊಳ್ಳುವ ಆಸೆ ಹೊಸಬನಿಗೆ ಬೇಡವೇ ಬೇಡ.

ಸದ್ದು ಅಡಗಿದಾಗ ಜಿಂಕೆ ಅಲ್ಲಿರಲಿಲ್ಲ. ಹುಡುಗ ಏಳಹೊರಟ, ಅಜ್ಜ ತೋಳು ಹಿಡಿದು ಕೂರಿಸಿದ. ಅರ್ಧ ಗಂಟೆ ಕೂರಬೇಕು. ಗಾಯವಾದ ಪ್ರಾಣಿ ಬೆನ್ನಟ್ಟದಿದ್ದರೆ ಹತ್ತಿರದಲ್ಲೇ ಮಲಗುತ್ತದೆ. ಬೆನ್ನಟ್ಟಿದರೆ ಮೈಲಿಗಟ್ಟಲೆ ಓಡಿ, ಸಿಗದೆ, ಎಲ್ಲೋ ಸತ್ತು ವ್ಯರ್ಥವಾಗುತ್ತದೆ. ಆ ಅರ್ಧ ಗಂಟೆ ಹಿಂದಿನ ದಿನದ ಐದು ಗಂಟೆಗಳಿಗಿಂತ ದೊಡ್ಡದಾಗಿತ್ತು. ಆಮೇಲೆ ಕೋವಿಯ ತೋಟೆ ತೆಗೆದು ಹಗ್ಗದಲ್ಲಿ ಇಳಿಸಿ, ತಾವೂ ಇಳಿದರು. ಹಿಮದ ಮೇಲೆ ಗುಲಾಬಿ ಬಣ್ಣದ, ನೊರೆಯಂಥ ರಕ್ತ. ಅಜ್ಜ ಬೆರಳಿನಿಂದ ತೋರಿಸಿದ: ನೊರೆಯಿದ್ದರೆ ಶ್ವಾಸಕೋಶ. ಕಪ್ಪಾಗಿ ಹಸಿರು ಬೆರೆತಿದ್ದರೆ ಹೊಟ್ಟೆಗೆ ತಗಲಿದೆಯೆಂದು ಅರ್ಥ. ಆಗ ಹಿಂದಕ್ಕೆ ಹೋಗಿ ಹಲವು ಗಂಟೆ ಕಾಯಬೇಕು. ಪ್ರತಿ ಹನಿಯ ಬಳಿ ಹುಡುಗ ಒಂದೊಂದು ಚೂರು ಕಾಗದ ಇಟ್ಟು ಮುಂದೆ ಹೋದ. ಅರವತ್ತು ಗಜ ದಾಟುವುದರೊಳಗೆ ಜಿಂಕೆ ಸಿಕ್ಕಿತು. ಕಣ್ಣು ತೆರೆದೇ ಇತ್ತು.

ಹುಡುಗ ಬಹಳ ಹೊತ್ತು ಅದರ ಕತ್ತಿನ ಮೇಲೆ ಕೈಯಿಟ್ಟು ಕುಳಿತಿದ್ದ. ಅಜ್ಜ ಅವಸರ ಮಾಡಲಿಲ್ಲ. ನಂತರ ಇಬ್ಬರೂ ಸೇರಿ ಹೊಟ್ಟೆ ಸೀಳಿ ಒಳಗಿನದನ್ನು ತೆಗೆದರು; ಮೈ ಬೇಗ ತಣ್ಣಗಾಗದಿದ್ದರೆ ಮಾಂಸ ಕೆಡುತ್ತದೆ. ಆ ಕೆಲಸದಲ್ಲಿ ಹುಡುಗನಿಗೆ ಎರಡು ಸಲ ಓಕರಿಕೆ ಬಂತು. ಹೊಡೆದವನೇ ಈ ಕೆಲಸವನ್ನೂ ಮಾಡಬೇಕೆಂಬುದು ಆ ಮನೆಯ ಕಟ್ಟಳೆ.

ಹೊಡೆದ ಜಿಂಕೆಯ ವಿವರವನ್ನು ಮರುದಿನ ಸಂಜೆ 5 ಗಂಟೆಯೊಳಗೆ ಇಲಾಖೆಗೆ ನೋಂದಾಯಿಸಬೇಕು. ಅದನ್ನು ಹುಡುಗನೇ ಮಾಡಿದ. ಇನ್ನೊಂದು ಕೆಲಸವೂ ಇತ್ತು. 2002ರಿಂದ ಈ ರಾಜ್ಯದ ಜಿಂಕೆಗಳಲ್ಲಿ ಮಿದುಳು ಕೊರೆದು ಸವೆಸುವ ಒಂದು ರೋಗ ಕಾಣಿಸಿಕೊಂಡಿದೆ. ಮದ್ದಿಲ್ಲದ ರೋಗ. ಮನುಷ್ಯರಿಗೆ ಅದು ತಗಲಿದ್ದು ಸಿದ್ಧವಾಗಿಲ್ಲ, ಆದರೂ ರೋಗ ಪತ್ತೆಯಾದ ಜಿಂಕೆಯ ಮಾಂಸ ತಿನ್ನಬಾರದೆಂದು ಆರೋಗ್ಯ ಇಲಾಖೆಯ ಸಲಹೆ. ಹಾಗಾಗಿ ಜಿಂಕೆಯ ತಲೆಯನ್ನು ಚೀಟಿ ಸಮೇತ ಪರೀಕ್ಷೆಯ ಪೆಟ್ಟಿಗೆಗೆ ಹಾಕಿಬಂದರು.

ಮಾಂಸವನ್ನು ಬಿಳಿ ಕಾಗದದಲ್ಲಿ ಸುತ್ತಿ, ತಾರೀಖು ಬರೆದು ಫ್ರೀಜರಿನಲ್ಲಿಟ್ಟರು. ಫಲಿತಾಂಶ ಬರುವ ತನಕ ಅದನ್ನು ಮುಟ್ಟಕೂಡದೆಂದು ಅಜ್ಜಿಯ ಆಜ್ಞೆ. ಹುಡುಗ ದಿನಾ ಶಾಲೆಯಿಂದ ಬಂದವನೇ ಚೀಲ ಬಿಸಾಡಿ “ಬಂತಾ?” ಎಂದು ಕೇಳುತ್ತಿದ್ದ. ಹನ್ನೆರಡನೆಯ ದಿನ ಉತ್ತರ ಬಂತು: ರೋಗ ಪತ್ತೆಯಾಗಿಲ್ಲ. ಅಜ್ಜಿ ಒಂದು ಪೊಟ್ಟಣ ಹೊರಗೆ ತೆಗೆದು ಕರಗಲು ಇಟ್ಟಳು.